ಮಿದುಳಿನ ಕಾಲುವೆಗೊಂದು ತೂಬು

ಚನ್ನಪಟ್ಟಣದ ಸಮೀಪದ ದೊಡ್ಡಮಳೂರಿನ ಬಯಲಿನಲ್ಲಿ ರೈತನೊಬ್ಬನು ಕಾಲುವೆಯ ತೂಬನ್ನು ಮುಚ್ಚಿದನೆಂದು ಭಾವಿಸೋಣ. ಕೆಲವು ದಿನಗಳಲ್ಲಿ ಕೆಳಗಿನ ಗದ್ದೆ ಬಾಡಿತು. ಬಾಡಿದ್ದು ನೀರಿಲ್ಲದೆಯೋ, ರೋಗ ತಗುಲಿಯೋ? ಈ ಸಂದೇಹವನ್ನು ಪರಿಹರಿಸಲು ಸುಲಭವಾದ ಉಪಾಯವುಂಟು. ತೂಬನ್ನು ಮುಚ್ಚಿಯೇ ಇಟ್ಟು, ಅದರ ಕೆಳಗಡೆ ಬಾವಿಯಿಂದ ನೀರು ಹಾಯಿಸಬೇಕು. ಪೈರು ಚೇತರಿಸಿಕೊಂಡರೆ ಕಾರಣವು ತಿಳಿಯಿತು. ಮಿದುಳಿನ ರಸಾಯನವನ್ನರಿಯಲು ವಿಜ್ಞಾನಿಗಳು ಹಿಡಿದ ದಾರಿಯೂ ಇಂಥದೇ.

ನಾವು ಉಣ್ಣುವ ರಾಗಿ, ಬೇಳೆ, ಹಾಲುಗಳ ಪ್ರೋಟೀನಿನಲ್ಲಿ ಟ್ರಿಪ್ಟೊಫೇನ್ ಎಂಬ ಅಮೈನೊ ಆಮ್ಲವಿದೆ. ನಮ್ಮ ದೇಹವು ಇದನ್ನು ತಾನೇ ತಯಾರಿಸಿಕೊಳ್ಳಲಾರದು. ಒಂದು ಕಿಣ್ವವು ಇದನ್ನು 5-ಹೈಡ್ರಾಕ್ಸಿಟ್ರಿಪ್ಟೊಫೇನ್ ಆಗಿಯೂ, ಮತ್ತೊಂದು ಕಿಣ್ವವು ಅದನ್ನು ಸೆರೊಟೋನಿನ್ ಆಗಿಯೂ ಮಾರ್ಪಡಿಸುತ್ತವೆ. ನರಕೋಶಗಳ ನಡುವೆ ಸಂದೇಶವನ್ನೊಯ್ಯುವ ವಸ್ತುಗಳಲ್ಲಿ ಸೆರೊಟೋನಿನ್ ಒಂದು.

1966ರಲ್ಲಿ ಅಮೆರಿಕದ ಫೈಜರ್ ಸಂಸ್ಥೆಯ ಸಂಶೋಧಕರಾದ ಕೋ ಮತ್ತು ವೈಸ್‌ಮನ್, ಅಮೈನೊ ಆಮ್ಲವನ್ನು ಹೋಲುವ ಪ್ಯಾರಾ-ಕ್ಲೋರೊಫಿನೈಲ್‌ಅಲನೀನ್ ಎಂಬ ಕೃತಕ ವಸ್ತುವು ಮೊದಲನೆಯ ಕಿಣ್ವವನ್ನು ತಡೆಯುವುದೆಂದು ಪ್ರಕಟಿಸಿದರು. ತೂಬು ದೊರೆತಂತಾಯಿತು! ಫ್ರಾನ್ಸಿನ ಲಿಯೋನ್ ನಗರದಲ್ಲಿ ಮಿಶೆಲ್ ಜೂವೆ ಮತ್ತು ಸಂಗಡಿಗರು ಇದನ್ನು ಬೆಕ್ಕುಗಳಿಗೆ ಕೊಟ್ಟರು. ಸುಮಾರು ಒಂದು ದಿನದ ತರುವಾಯ ಅವುಗಳ ನಿದ್ರೆ ಬಹುಮಟ್ಟಿಗೆ ಹಾರಿಹೋಯಿತು. ಆಗ 5-ಹೈಡ್ರಾಕ್ಸಿಟ್ರಿಪ್ಟೊಫೇನನ್ನು ಚುಚ್ಚಿದರೆ ಕೆಲವು ಗಂಟೆಗಳ ಕಾಲ ನಿದ್ರೆ ಮರಳಿತು. ತೂಬಿನ ಕೆಳಗೆ ಹಾಯಿಸಿದ ನೀರು ಇದೇ ಅಲ್ಲವೆ?

ಹಾಗಾದರೆ ಸೆರೊಟೋನಿನ್ನೇ ನಿದ್ರೆಯ ದ್ರವ್ಯವೆ? ಅವಸರಪಡಬಾರದು. ಇದೇ ವಸ್ತುವನ್ನು ದಿನವೂ ಕೊಡುತ್ತ ಹೋದಾಗ, ಸೆರೊಟೋನಿನ್ ಕುಗ್ಗಿದ್ದರೂ ಬೆಕ್ಕುಗಳ ನಿದ್ರೆ ಬಹುಪಾಲು ಹಿಂದಿರುಗಿತು. 1976ರಲ್ಲಿ ಮ್ಯಾಕ್‌ಗಿಂಟಿ ಮತ್ತು ಹಾರ್ಪರ್ ಬೆಕ್ಕಿನ ಮಿದುಳಿನಲ್ಲಿ ಸೆರೊಟೋನಿನ್ ಕೋಶಗಳಿರುವ ಭಾಗವನ್ನು ಪರೀಕ್ಷಿಸಿದರು. ಅಲ್ಲಿನ ಕೋಶಗಳು ಎಚ್ಚರದಲ್ಲಿ ಹೆಚ್ಚು ಚುರುಕಾಗಿದ್ದು, ನಿದ್ರೆಯಲ್ಲಿ ಮಂದವಾಗುತ್ತಿದ್ದವು!

ಈ ವಸ್ತುವನ್ನು ರೋಗಿಗಳಿಗೂ ಕೊಟ್ಟು ನೋಡಿದ್ದುಂಟು. ದೇಹದ ಸೆರೊಟೋನಿನ್ನಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಭಾಗ ಕರುಳಿನಲ್ಲಿದೆ. ಕಾರ್ಸಿನಾಯ್ಡ್ ಎಂಬ ಗೆಡ್ಡೆಗಳು ಅದನ್ನು ಅತಿಯಾಗಿ ಸ್ರವಿಸಿದಾಗ ತೀವ್ರವಾದ ಭೇದಿಯುಂಟಾಗುತ್ತದೆ. 1967ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಭೇದಿಯೇನೋ ತಗ್ಗಿತು. ಆದರೆ ಔಷಧವು ಮಿದುಳನ್ನೂ ಹೊಕ್ಕುದರಿಂದ ಮನಸ್ಸಿನ ಸ್ವಾಸ್ಥ್ಯ ಕೆಡುವ ಅಪಾಯವಿತ್ತು. ಕಡೆಗೆ ಅದು ಪ್ರಯೋಗಶಾಲೆಯಲ್ಲೇ ಉಳಿಯಿತು. ಅದೇ ಕಿಣ್ವವನ್ನು ತಡೆದರೂ ಮಿದುಳನ್ನು ಅಷ್ಟಾಗಿ ಪ್ರವೇಶಿಸದ ಟೆಲೋಟ್ರಿಸ್ಟ್ಯಾಟ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2017ರಲ್ಲಿ.

ತೂಬು ಮುಚ್ಚಿದಾಗ ಗದ್ದೆ ಬಾಡಿದರೆ ಪೈರಿಗೆ ನೀರು ಬೇಕೆಂಬುದು ಸಿದ್ಧವಾಗುತ್ತದೆ. ನೀರೇ ಪೈರೆಂದು ಸಿದ್ಧವಾಗುವುದಿಲ್ಲ. ಪ್ರಯೋಗವು ಹೇಳಿದುದೆಷ್ಟು, ನಾವು ಊಹಿಸಿದುದೆಷ್ಟು ಎಂಬ ವಿವೇಚನೆಯೇ ವಿಜ್ಞಾನದ ಜೀವಾಳ.