ಯಾರನ್ನೂ ತೆಗೆಯಲಿಲ್ಲ, 78,569 ಜನ ಹೋದರು

ಫೋನ್ ಕೆಟ್ಟರೆ ಮನೆ ಹತ್ರ ಬರ್ತಿದ್ದ ಲೈನ್‌ಮನ್ ನೆನಪಿದ್ದಾರಾ? ಇವತ್ತಿನ ವಿಷಯ ಅವರ ಕಂಪನಿಯದ್ದೇ, ಬಿಎಸ್‌ಎನ್‌ಎಲ್.

2020ರ ಜನವರಿ 31. ಅಲ್ಲಿದ್ದ ಸುಮಾರು ಒಂದೂವರೆ ಲಕ್ಷ ನೌಕರರಲ್ಲಿ 78,569 ಜನ ಒಂದೇ ದಿನ ಮನೆಗೆ ಹೋದ್ರು. ಅರ್ಧಕ್ಕಿಂತ ಜಾಸ್ತಿ. ಆದ್ರೆ ಕಾನೂನಿನ ಲೆಕ್ಕದಲ್ಲಿ ಇವರಲ್ಲಿ ಒಬ್ಬರನ್ನೂ ಕಂಪನಿ ತೆಗೆದಿಲ್ಲ. ಅದು ಹೇಗೆ?

1947ರ ಕೈಗಾರಿಕಾ ವಿವಾದ ಕಾಯ್ದೆ ಪ್ರಕಾರ, ಕಂಪನಿಯೇ ಉದ್ಯೋಗ ಕಡಿತ ಮಾಡಿದ್ರೆ ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ ಕೊಡಬೇಕಿತ್ತು. ದುಡಿದ ಪ್ರತಿ ವರ್ಷಕ್ಕೆ 15 ದಿನದ ವೇತನ ಪರಿಹಾರ ಕೊಡಬೇಕಿತ್ತು, ಸರ್ಕಾರಕ್ಕೂ ತಿಳಿಸಬೇಕಿತ್ತು. ಆದ್ರೆ ಸ್ವಯಂ ನಿವೃತ್ತಿ, ಅಂದ್ರೆ ವಿಆರ್‌ಎಸ್, ಉದ್ಯೋಗ ಕಡಿತವೇ ಅಲ್ಲ ಅಂತ ಅದೇ ಕಾಯ್ದೆ ಹೇಳ್ತಿತ್ತು. ನೀವಾಗೇ ಹೋದ್ರಿ, ಅಷ್ಟೇ.

2019ರ ಆ ಯೋಜನೆ 50 ವರ್ಷ ತುಂಬಿದವರಿಗೆ. ಅರ್ಜಿ ಹಾಕೋಕೆ ನವೆಂಬರ್ 4ರಿಂದ ಡಿಸೆಂಬರ್ 3ರವರೆಗೆ, ಒಂದೇ ತಿಂಗಳು. ದುಡಿದ ವರ್ಷಕ್ಕೆ 35 ದಿನದ ಸಂಬಳ, ಬಾಕಿ ಉಳಿದ ವರ್ಷಕ್ಕೆ 25 ದಿನದ್ದು. 52 ವಯಸ್ಸು, 30 ವರ್ಷ ಸರ್ವಿಸ್ ಅಂತ ಇಟ್ಕೊಳ್ಳಿ. 1,050 ಪ್ಲಸ್ 200, ಒಟ್ಟು 1,250 ದಿನ. ಅಂದ್ರೆ ಸುಮಾರು ಮೂರೂವರೆ ವರ್ಷದ ಸಂಬಳ, ಜೊತೆಗೆ ಪಿಂಚಣಿ. ಮೊತ್ತಕ್ಕೆ ಮೇಲ್ಮಿತಿಯೂ ಇತ್ತು. ಕಾಯ್ದೆಯ 15 ದಿನಕ್ಕೆ ಹೋಲಿಸಿದ್ರೆ ಒಳ್ಳೆ ಮೊತ್ತವೇ. ಅದೇ ವರ್ಷ ಸಂಬಳ ತಡವಾಗ್ತಿತ್ತು ಅನ್ನೋದನ್ನೂ ಸೇರಿಸಿ ನೋಡಿ.

ಯೂನಿಯನ್‌ಗಳು ಸುಮ್ಮನಿರಲಿಲ್ಲ. ನೌಕರರ ಮೇಲೆ ಒತ್ತಡ ಹಾಕ್ತಿದ್ದಾರೆ ಅಂತ ಆರೋಪಿಸಿ ನವೆಂಬರ್ 25ಕ್ಕೆ ಉಪವಾಸ ಕೂತ್ರು. ಆದ್ರೆ ವಿಆರ್‌ಎಸ್‌ನಲ್ಲಿ ತೀರ್ಮಾನ ಆಗೋದು ಸಂಧಾನದ ಮೇಜಿನ ಮುಂದಲ್ಲ. ಒಬ್ಬೊಬ್ಬರ ಮನೇಲಿ, ಮಗಳ ಮದುವೆ, ಮನೆ ಸಾಲದ ಲೆಕ್ಕದ ಮುಂದೆ. ಒಟ್ಟಾಗಿ ಮಾತಾಡೋ ಯೂನಿಯನ್ನಿನ ಬಲ ಅಲ್ಲೇ ಕರಗುತ್ತೆ.

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. ಹಲವು ಯೂನಿಯನ್ ಇರೋ ಕಡೆ, 51 ಶೇಕಡಾ ಕಾರ್ಮಿಕರ ಬೆಂಬಲ ಇರೋದೇ ಏಕೈಕ ಸಂಧಾನಕಾರ ಯೂನಿಯನ್. ಸ್ವಯಂ ನಿವೃತ್ತಿ ಮಾತ್ರ ಈಗಲೂ ಉದ್ಯೋಗ ಕಡಿತದ ಲೆಕ್ಕದಿಂದ ಹೊರಗೇ.

ಹಾಗಾಗಿ ಖಾಸಗಿ ಕಂಪನಿಯಲ್ಲಿರೋರು ಕೂಡ ಕೇಳಿ. ಎಚ್‌ಆರ್ ಕರೆದು "ರಾಜೀನಾಮೆ ಬರೆದುಕೊಡಿ" ಅಂದ್ರೆ ಅವತ್ತೇ ಸಹಿ ಹಾಕಬೇಡಿ. ಒಮ್ಮೆ ಬರೆದುಕೊಟ್ಟರೆ, ಬಲವಂತವಾಗಿ ಬರೆಸಿಕೊಂಡ್ರು ಅಂತ ಸಾಬೀತು ಮಾಡೋ ಹೊಣೆ ನಿಮ್ಮ ಮೇಲೇ ಬೀಳುತ್ತೆ. ಪಕ್ಕದ ಸೀಟಿನವರನ್ನೂ ಕರೆದಿದ್ದಾರಾ, ಮೊದಲು ಕೇಳಿ.