ನೆಲದಡಿಯ ಬಿರುಕು ಪತ್ತೆಯಾಗುವ ಬಗೆ

ಪ್ರಶ್ನೆ: ಸಣ್ಣ ಸಣ್ಣ ಭೂಕಂಪಗಳು ಮೇಲಿಂದ ಮೇಲೆ ಆದಾಗ, ನೆಲದೊಳಗಿನ ಯಾವ ಬಿರುಕು ಅದಕ್ಕೆ ಕಾರಣವೆಂದು ಹೇಗೆ ಕಂಡುಹಿಡಿಯುತ್ತಾರೆ?
– ಓದುಗರೊಬ್ಬರು, ಹುಬ್ಬಳ್ಳಿ

ಮಿಂಚು ಮೊದಲು, ಗುಡುಗು ಆಮೇಲೆ; ನಡುವಿನ ಹೊತ್ತು ಹೆಚ್ಚಿದಷ್ಟೂ ಸಿಡಿಲು ದೂರ. ಭೂಕಂಪದಲ್ಲೂ ಇಂಥದೇ ಜೋಡಿ ಇದೆ. ವೇಗದ ‘ಪಿ’ ಅಲೆ ಮುಂದೆ ಬರುತ್ತದೆ, ನಿಧಾನದ ‘ಎಸ್’ ಅಲೆ ಹಿಂದೆ. ಅಂತರ ಒಂದು ಸೆಕೆಂಡಾದರೆ ಕಂಪನದ ಮೂಲ ಸುಮಾರು 8 ಕಿ.ಮೀ. ದೂರ. ನಾಲ್ಕಾರು ಕಡೆಯ ಮಾಪಕಗಳ ಲೆಕ್ಕ ಕೂಡಿಸಿದರೆ ಜಾಗ, ಆಳ ಎರಡೂ ಸಿಗುತ್ತವೆ.

ಒಂದು ಕಂಪನವೆಂದರೆ ನಕ್ಷೆಯಲ್ಲಿ ಒಂದು ಚುಕ್ಕಿ. ಅದೊಂದರಿಂದ ಏನೂ ಹೊಳೆಯದು. ನೂರಾರು ಸೇರಿದಾಗ ಅವು ಓರೆಯಾದ ಒಂದೇ ಸಮತಲದಲ್ಲಿ ಸಾಲುಗಟ್ಟುತ್ತವೆ. ಜಾರುತ್ತಿರುವ ಬಿರುಕು, ಅಂದರೆ ಸ್ತರಭಂಗ, ಅದೇ. ಮೊದಲ ಅಲೆ ಎಲ್ಲಿ ನೆಲವನ್ನು ಮೇಲಕ್ಕೆ ತಳ್ಳಿತು, ಎಲ್ಲಿ ಕೆಳಕ್ಕೆಳೆಯಿತು ಎಂಬುದು ಬಂಡೆ ಜಾರಿದ ದಿಕ್ಕನ್ನೂ ಹೇಳುತ್ತದೆ. ಜನರನ್ನು ಹೆದರಿಸುವ ಈ ಪುಟ್ಟ ಕಂಪನಗಳು ವಿಜ್ಞಾನಿಗಳಿಗೆ ಉಪಕಾರಿಗಳೇ!

ನಿಮಗೆ ಹತ್ತಿರದ ಉದಾಹರಣೆ ಮಹಾರಾಷ್ಟ್ರದ ಕೊಯ್ನಾ. 1962ರಲ್ಲಿ ಜಲಾಶಯ ತುಂಬತೊಡಗಿದ ಮೇಲೆ ಅಲ್ಲಿ ಕಂಪನಗಳು ಹೆಚ್ಚಿದವು. 1967ರ ಡಿಸೆಂಬರ್ 10ರಂದು 6.3 ತೀವ್ರತೆಯ ಭೂಕಂಪವೇ ಆಯಿತು. ತೊಡಕೆಂದರೆ, ಬಿರುಕಿರುವ ಗ್ರಾನೈಟ್ ಮೇಲೆ ಒಂದು ಕಿ.ಮೀ.ಗೂ ಮಿಕ್ಕಿ ದಪ್ಪದ ಬಸಾಲ್ಟ್ ಹೊದಿಕೆಯಿದೆ. ಮೇಲಿನಿಂದ ನೋಡಿ ಪ್ರಯೋಜನವಿಲ್ಲ. ಹಾಗಾಗಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಆಳವಾದ ಕೊಳವೆಬಾವಿಗಳನ್ನು ಕೊರೆದು ಮಾಪಕಗಳನ್ನು ಒಳಗೇ ಇಳಿಸಿತು. 2021ರಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವಾರದಲ್ಲಿ ನೆಲ ಪದೇ ಪದೇ ಸದ್ದು ಮಾಡಿದಾಗ ಊರಿನಲ್ಲೇ ಮಾಪಕ ಕೂರಿಸಿದ್ದೂ ಇದೇ ಕಾರಣಕ್ಕೆ: ಮಾಪಕ ಹತ್ತಿರವಿದ್ದಷ್ಟೂ ಚುಕ್ಕಿಯ ಜಾಗ ನಿಖರ.