ಮಾತು ಬಂತೇ ಎನ್ನುವ ಮೊದಲು ತಿಳಿಯಿತೇ ಎಂದು ನೋಡಿ

‘ಅಜ್ಜಿಗೆ ನೀರು ಕೊಟ್ಟು ಬಾ’ ಎನ್ನುತ್ತಾಳೆ ತಾಯಿ. ಎರಡೂವರೆ ವರ್ಷದ ಮಗು ಲೋಟ ಹಿಡಿದು ಹೋಗಿ ಅಜ್ಜಿಗೆ ಕೊಡುತ್ತದೆ. ಮಾತು ಇನ್ನೂ ಬಂದಿಲ್ಲ, ಆದರೇನಂತೆ, ಹೇಳಿದ್ದೆಲ್ಲ ತಿಳಿಯುತ್ತದಲ್ಲ ಎಂದು ಮನೆಮಂದಿಗೆ ಸಮಾಧಾನ. ಆ ಹೊತ್ತಿನಲ್ಲಿ ಇನ್ನೂ ಏನೇನು ನಡೆಯಿತು ನೋಡಿ. ತಾಯಿ ಲೋಟವನ್ನು ಮಗುವಿನ ಕೈಗೇ ಇಟ್ಟಳು. ಗದ್ದ ಎತ್ತಿ ಅಜ್ಜಿಯ ಕಡೆ ತೋರಿಸಿದಳು. ಅಜ್ಜಿಯೂ ಕೈ ಚಾಚಿದರು. ಊಟದ ಹೊತ್ತಿಗೆ ದಿನವೂ ನಡೆಯುವ ಕೆಲಸ ಬೇರೆ. ಇಷ್ಟು ಸುಳಿವು ಸಿಕ್ಕರೆ, ಹೇಳಿದ ಮಾತಿನಲ್ಲಿ ಒಂದು ಪದವೂ ತಿಳಿಯದ ಮಗು ಕೂಡ ನೀರು ಕೊಟ್ಟು ಬರುತ್ತದೆ.

ಮಕ್ಕಳು ಜಾಣರು. ಕಣ್ಣು, ಕೈಸನ್ನೆ, ದಿನಚರಿ ಇವನ್ನೆಲ್ಲ ಓದಿಕೊಂಡು ಮಾತಿನ ಕೊರತೆಯನ್ನು ತುಂಬಿಕೊಳ್ಳುತ್ತಾರೆ. ಅದಕ್ಕೇ ಮಾತು ಅರ್ಥವಾಗದ ತೊಂದರೆ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಬೆಳಕಿಗೇ ಬರುವುದಿಲ್ಲ.

ಹಿರಿಯೂರಿನ ಮಾರಿಕಣಿವೆ ಜಲಾಶಯ 1933ರಲ್ಲಿ ತುಂಬಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ಅಷ್ಟೂ ವರ್ಷ ಇಲ್ಲಿನ ರೈತರು ಕೋಡಿಯನ್ನೇ ಕಾಯುತ್ತ ಕೂರಲಿಲ್ಲ. ಒಳಗೆ ಎಷ್ಟು ಅಡಿ ನೀರಿದೆ ಎಂದು ಲೆಕ್ಕ ಇಡುತ್ತಿದ್ದರು. ಮಗುವಿನ ವಿಷಯದಲ್ಲಿ ಮಾತ್ರ ನಾವು ಕೋಡಿಯನ್ನಷ್ಟೇ ನೋಡುತ್ತೇವೆ: ಮಾತಾಡಿತೇ, ಇಲ್ಲವೇ? ಆಡುವುದಕ್ಕೆ ಮೊದಲು ಅರ್ಥ ಒಳಗೆ ಸೇರಬೇಕು. ಸಾಮಾನ್ಯವಾಗಿ ಒಂಬತ್ತು ತಿಂಗಳ ಹೊತ್ತಿಗೆ ಹೆಸರು ಕರೆದರೆ ಮಗು ತಿರುಗುತ್ತದೆ. ಒಂದು ವರ್ಷಕ್ಕೆ ‘ಬೇಡ’ ಎಂದರೆ ಕ್ಷಣ ತಡೆಯುತ್ತದೆ. ಒಂದೂವರೆ ವರ್ಷಕ್ಕೆ ಸನ್ನೆ ಇಲ್ಲದೆಯೂ ‘ಚೆಂಡು ಕೊಡು’ ಎಂದರೆ ಕೊಡುತ್ತದೆ. ಎರಡು ವರ್ಷಕ್ಕೆ ಕೇಳಿದರೆ ಮೂಗು, ಕಿವಿ ಮುಟ್ಟಿ ತೋರಿಸುತ್ತದೆ. ಎರಡೂವರೆಗೆ ‘ಆಟಿಕೆ ಇಟ್ಟು ಬಾಗಿಲು ಹಾಕು’ ಎಂಬಂಥ ಎರಡು ಕೆಲಸಗಳ ಮಾತನ್ನು ಹಿಡಿಯುತ್ತದೆ.

ಮನೆಯಲ್ಲೇ ಇದನ್ನು ನೋಡಬಹುದು. ಕೈ ಕಟ್ಟಿಕೊಂಡು, ಆ ವಸ್ತುವಿನ ಕಡೆ ಕಣ್ಣು ಹಾಯಿಸದೆ, ದಿನಚರಿಯಲ್ಲಿಲ್ಲದ ಒಂದು ಮಾತು ಹೇಳಿ: ‘ಚಮಚ ಟೋಪಿಯೊಳಗೆ ಹಾಕು.’ ಬೇರೆ ಬೇರೆ ದಿನ, ಬೇರೆ ಬೇರೆ ಮಾತು ಹೇಳಿ ನೋಡಿದರೂ ಮಗು ನಿಮ್ಮ ಮುಖವನ್ನೇ ನೋಡುತ್ತ ನಿಂತರೆ, ಅಥವಾ ನೀವು ಹೇಳಿದ ಕೊನೆಯ ಪದವನ್ನೇ ತಿರುಗಿ ಹೇಳಿದರೆ, ಗಮನ ಕೊಡಬೇಕಾದ ಕಾಲ ಬಂತು ಎಂದರ್ಥ.

ಕನ್ನಡದ ವಾಕ್ಯ ಕಿವಿಗೆ ಬಿದ್ದಾಗ ಮಿದುಳಿಗೆ ಇರುವ ಕೆಲಸ ಸಣ್ಣದಲ್ಲ. ‘ಅಣ್ಣ ತಮ್ಮನಿಗೆ ಕೊಟ್ಟ’, ‘ಅಣ್ಣನಿಗೆ ತಮ್ಮ ಕೊಟ್ಟ’ ಇವೆರಡರಲ್ಲಿ ಕೊಟ್ಟವನಾರು ಎಂದು ಹೇಳುವುದು ಒಂದು ಪುಟ್ಟ ಪ್ರತ್ಯಯ. ಕ್ರಿಯಾಪದ ಬರುವುದು ಕೊನೆಗೆ, ಬೇಡ ಎನ್ನುವುದು ಅದಕ್ಕೂ ಕೊನೆಗೆ. ಅಲ್ಲಿಯವರೆಗಿನ ಪದಗಳನ್ನೆಲ್ಲ ಮಗು ನೆನಪಿನಲ್ಲಿ ಹಿಡಿದಿಟ್ಟುಕೊಂಡಿರಬೇಕು. ‘ಬಾಗಿಲ ಹತ್ರ ಇರೋ ಚಪ್ಪಲಿ ಮುಟ್ಟಬೇಡ’ ಎಂದರೆ ಹಿಡಿತ ಸಾಲದ ಮಗುವಿಗೆ ಸಿಗುವುದು ಚಪ್ಪಲಿ ಮತ್ತು ಮುಟ್ಟುವುದು, ಎರಡೇ. ಅದು ಹೋಗಿ ಮುಟ್ಟುತ್ತದೆ. ಹಠಮಾರಿ ಎಂಬ ಹೆಸರು, ಜೊತೆಗೊಂದು ಏಟು ಸಿಗುತ್ತದೆ.

ಕಾರಣ ಹುಡುಕುವಾಗ ಮೊದಲು ನೋಡಬೇಕಾದ್ದು ಕಿವಿಯನ್ನು. ‘ತಟ್ಟೆ ಬಡಿದರೆ ತಿರುಗುತ್ತೆ, ಕಿವಿ ಚೆನ್ನಾಗಿದೆ’ ಎಂಬ ಮಾತನ್ನು ನಂಬುವಂತಿಲ್ಲ. ಸ್ವರಗಳು ಜೋರು, ಸ, ತ, ಕ ಮುಂತಾದ ವ್ಯಂಜನಗಳು ಮೆಲ್ಲಗಿನವು. ಅರ್ಧಂಬರ್ಧ ಕೇಳುವ ಮಗುವಿಗೆ ಸಾಕು, ಹಾಕು ಎರಡೂ ಒಂದೇ ಆಗಿ ಕೇಳಿಸಬಹುದು. ತಟ್ಟೆಯ ಸದ್ದು ಕೇಳಿದ ಕಿವಿಗೆ ಮಾತು ಸ್ಪಷ್ಟವಾಗಬೇಕೆಂದಿಲ್ಲ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ದ್ರವ ನಿಂತು ಒಂದು ವಾರ ಕೇಳಿ, ಇನ್ನೊಂದು ವಾರ ಮಂದವಾಗುವುದೂ ಉಂಟು. ಸೋದರಮಾವ, ಅತ್ತೆ ಮಕ್ಕಳ ನಡುವಿನ ಮದುವೆ ನಮ್ಮಲ್ಲಿ ಬಳಕೆಯಲ್ಲಿದೆ. ಅಂಥ ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚು.

ನವಜಾತ ಶಿಶುವಿನ ಕಿವಿಯನ್ನೂ ಪರೀಕ್ಷಿಸಬಹುದು. ಆರೋಗ್ಯವಂತ ಒಳಗಿವಿ ಸದ್ದನ್ನು ಕೇಳಿದಾಗ ತಾನೂ ಒಂದು ಕ್ಷೀಣ ದನಿಯನ್ನು ಹೊರಗೆ ಕಳಿಸುತ್ತದೆ ಎಂದು ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ ತೋರಿಸಿದರು. ಓಎಇ ಪರೀಕ್ಷೆ ಆ ದನಿಯನ್ನು ಹಿಡಿಯುತ್ತದೆ. ಮಗು ಮಲಗಿದ್ದರೂ ಆದೀತು. ತೀವ್ರ ಕಾಮಾಲೆಯಾದ ಶಿಶುಗಳಲ್ಲಿ ಒಳಗಿವಿ ಸರಿಯಿದ್ದು ನರದ ದಾರಿಯಲ್ಲಿ ತೊಂದರೆ ಇರಬಹುದಾದ್ದರಿಂದ ಅವರಿಗೆ ಆ ದಾರಿಯನ್ನು ನೋಡುವ ಬೆರಾ ಪರೀಕ್ಷೆಯೂ ಬೇಕು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಧಾರ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಎಂಬುದು ತಜ್ಞರ ಸೂತ್ರ. ಆರು ತಿಂಗಳೊಳಗೆ ಕಿವುಡು ಪತ್ತೆಯಾದ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಬಹಳ ಮುಂದಿರುತ್ತದೆ ಎಂದು ಅಮೆರಿಕದ ಕೊಲೊರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಸಂಗಡಿಗರು 1998ರಲ್ಲಿ ಕಂಡುಕೊಂಡರು.

ಕಿವಿ ಸರಿಯಿದ್ದರೆ ಬೇರೆ ಕಾರಣಗಳನ್ನು ನೋಡಬೇಕು. ಹೆಸರು ಕರೆದರೆ ತಿರುಗದೆ ಚಿಪ್ಸ್ ಪೊಟ್ಟಣದ ಸದ್ದಿಗೆ ಓಡಿ ಬರುವ, ಶಿಶುಗೀತೆ ಪೂರ್ತಿ ಒಪ್ಪಿಸಿಯೂ ‘ಮೂಗೆಲ್ಲಿ?’ ಎಂದರೆ ತಬ್ಬಿಬ್ಬಾಗುವ ಮಗುವಿಗೆ ಆಟಿಸಂ ಇದೆಯೇ ಎಂದು ಪರೀಕ್ಷಿಸಬೇಕು. ಒಟ್ಟು ಬೆಳವಣಿಗೆಯೇ ನಿಧಾನವಾಗಿರಬಹುದು. ಇವು ಯಾವುವೂ ಇಲ್ಲದೆ, ಆಟಪಾಠದಲ್ಲಿ ಚುರುಕಾಗಿದ್ದೂ ಭಾಷೆಯೊಂದೇ ಕೈಗೆ ಹತ್ತದ ಮಕ್ಕಳೂ ಇದ್ದಾರೆ. ಇದಕ್ಕೆ ಬೆಳವಣಿಗೆಯ ಭಾಷಾ ತೊಂದರೆ, ಚಿಕ್ಕದಾಗಿ ಡಿಎಲ್‌ಡಿ, ಎನ್ನುತ್ತಾರೆ. ಆಕ್ಸ್‌ಫರ್ಡಿನ ಡೊರೊತಿ ಬಿಷಪ್ ಮುಂದಾಳತ್ವದಲ್ಲಿ ತಜ್ಞರು ಈ ಹೆಸರನ್ನು ಒಪ್ಪಿದ್ದು ಈಚೆಗೆ, 2017ರ ಹೊತ್ತಿಗೆ. ಇಂಗ್ಲಿಷ್ ಮಾತಾಡುವ ನಾಡುಗಳ ಸಮೀಕ್ಷೆಗಳ ಪ್ರಕಾರ ನೂರಕ್ಕೆ ಸುಮಾರು ಏಳು ಮಕ್ಕಳಿಗೆ ಇದಿದೆ. ಅಂದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು.

ಹಿರಿಯೂರು ಸೀಮೆಯಲ್ಲಿ ಇನ್ನೊಂದು ಎಚ್ಚರ ಬೇಕು. ಇಲ್ಲಿ ತಾಂಡಾದ ಮಗು ಲಂಬಾಣಿ ಕೇಳುತ್ತ ಬೆಳೆಯುತ್ತದೆ, ಆಂಧ್ರದ ಗಡಿ ಕಡೆಯ ಮನೆಗಳಲ್ಲಿ ತೆಲುಗು, ಪೇಟೆಯ ಹಲವು ಮನೆಗಳಲ್ಲಿ ಉರ್ದು. ಇಂಥ ಮಗು ಅಂಗನವಾಡಿಯಲ್ಲಿ ಕನ್ನಡ ತಿಳಿಯದೆ ಸುಮ್ಮನೆ ಕೂತರೆ ಅದು ಕಾಯಿಲೆಯಲ್ಲ, ಹೊಸ ಭಾಷೆ ಅಷ್ಟೇ. ಮನೆಮಾತಿನಲ್ಲೂ ತಿಳಿಯದಿದ್ದರೆ ಮಾತ್ರ ತೊಂದರೆ ಎನ್ನಬೇಕು. ಆಗಲೂ ಮನೆಮಾತು ಬಿಡಿಸಿ ಕನ್ನಡವೊಂದನ್ನೇ ಆಡಿ ಎನ್ನುವುದು ತಪ್ಪು ಸಲಹೆ. ಎರಡು ಭಾಷೆ ಕೇಳುವುದರಿಂದ ಈ ತೊಂದರೆ ಬರುವುದಿಲ್ಲ. ತಾಯಿಗೆ ಸಲೀಸಾಗಿ ಬರುವ ಮಾತಿನಲ್ಲೇ ಮಗುವಿಗೆ ಹೆಚ್ಚು ಸಿಗುತ್ತದೆ.

ಮನೆಯವರು ಮಾಡಬಹುದಾದ ಸಹಾಯಕ್ಕೆ ದುಡ್ಡು ಬೇಕಿಲ್ಲ. ಟಿವಿ, ಮೊಬೈಲ್ ಆರಿಸಿ, ಮಗುವಿನ ಎತ್ತರಕ್ಕೆ ಕೂತು, ಹೆಸರು ಕರೆದು, ಅದು ನೋಡಿದ ಮೇಲೆ ಮಾತಾಡಿ. ‘ಕೈ ತೊಳ್ಕೊಂಡು ತಟ್ಟೆ ತಂದು ಅಪ್ಪನ ಪಕ್ಕ ಕೂತ್ಕೋ’ ಎನ್ನುವ ಬದಲು ‘ಕೈ ತೊಳ್ಕೋ’ ಎಂದಷ್ಟೇ ಹೇಳಿ. ಅದಾದ ಮೇಲೆ ಇನ್ನೊಂದು. ಹೇಳಿ ಕಾಯಿರಿ, ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು. ತಿಳಿಯದಿದ್ದರೆ ಮಾತು ಬದಲಿಸದೆ ಅದನ್ನೇ ಹೇಳಿ, ಜೊತೆಗೆ ತೋರಿಸಿ. ಸನ್ನೆ ಶತ್ರುವಲ್ಲ, ಮೊದಲು ಮಾತು ಮತ್ತು ಸನ್ನೆ ಒಟ್ಟಿಗೆ, ಹಿಡಿತ ಸಿಕ್ಕಂತೆ ಸನ್ನೆ ಕಡಿಮೆ. ‘ಇದೇನು? ಅದೇನು?’ ಎಂದು ಪರೀಕ್ಷೆ ಮಾಡುವುದಕ್ಕಿಂತ ನಡೆಯುತ್ತಿರುವುದನ್ನು ಹೇಳುವುದು ಒಳ್ಳೆಯದು. ಶೇಂಗಾ ಬಿಡಿಸುವಾಗ ‘ಸಿಪ್ಪೆ ಬುಟ್ಟಿಗೆ, ಬೀಜ ತಟ್ಟೆಗೆ’. ಮುದ್ದೆ ಬಡಿಸುವಾಗ ‘ಬಿಸಿ, ಊದು’. ಒಂದೇ ಪದ ಬೇರೆ ಬೇರೆ ಸಂದರ್ಭದಲ್ಲಿ ಹತ್ತಾರು ಸಲ ಬರಬೇಕು.

ಮಾತು ಬರಲೆಂದು ಬಜೆ ತೇಯ್ದು ನಾಲಿಗೆಗೆ ಹಚ್ಚುವವರಿದ್ದಾರೆ. ತೊಂದರೆ ನಾಲಿಗೆಯಲ್ಲಿಲ್ಲ, ಹಾಗಾಗಿ ಬಜೆಯಿಂದ ಅದು ವಾಸಿಯಾಗದು. ‘ಅವರಪ್ಪನಿಗೂ ಮಾತು ತಡವಾಗೇ ಬಂದಿದ್ದು’ ಎಂದು ಕಾಯುವವರೂ ಇದ್ದಾರೆ. ಮಾತು ತಡವಾದರೂ ಎಲ್ಲವನ್ನೂ ಅರ್ಥ ಮಾಡಿಕೊಳ್ಳುವ ಮಕ್ಕಳಲ್ಲಿ ಅನೇಕರು ತಾವಾಗಿ ಚೇತರಿಸಿಕೊಳ್ಳುತ್ತಾರೆ, ನಿಜ. ಅರ್ಥವೇ ಆಗದ ಮಕ್ಕಳ ಕಥೆ ಬೇರೆ. ಅವರ ತೊಂದರೆ ಹೆಚ್ಚು ಕಾಲ ಉಳಿಯುತ್ತದೆ, ಚಿಕಿತ್ಸೆಗೆ ನಿಧಾನವಾಗಿ ಬಗ್ಗುತ್ತದೆ, ಮುಂದೆ ಓದಿಗೂ ತೊಡಕಾಗುತ್ತದೆ. ಕಾಯುವುದರಿಂದ ಹೆಚ್ಚು ಕಳೆದುಕೊಳ್ಳುವವರು ಇವರೇ. ತರಬೇತಿ ಪಡೆದ ತಂದೆತಾಯಿ ದಿನವೂ ಮನೆಯಲ್ಲಿ ಮಾಡುವ ಅಭ್ಯಾಸ ಮಕ್ಕಳ ಗ್ರಹಿಕೆಯನ್ನು ಹೆಚ್ಚಿಸುತ್ತದೆ ಎಂದು ಅಧ್ಯಯನಗಳು ತೋರಿಸಿವೆ.

ಆ ತರಬೇತಿಗೆ ದಾರಿ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು; ಕಿವಿಯ ತೊಂದರೆ, ಮಾತಿನ ವಿಳಂಬ ಅದರ ಪಟ್ಟಿಯಲ್ಲಿವೆ. ಅಲ್ಲಿ ಅನುಮಾನ ಬಂದ ಮಕ್ಕಳನ್ನು ಜಿಲ್ಲಾ ಹಂತದ ಕೇಂದ್ರಕ್ಕೆ ಕಳಿಸುತ್ತಾರೆ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ರೂಪಿಸಿದ ಭಾಷಾ ಪರೀಕ್ಷೆಗಳು ಅಲ್ಲಿವೆ. ವೈದ್ಯರ ತಂಡ ಬಂದ ದಿನ ‘ಮಾತು ತಡ’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಸನ್ನೆ ಇಲ್ಲದೆ ಯಾವ ಮಾತು ತಿಳಿಯಿತು, ಯಾವುದು ತಿಳಿಯಲಿಲ್ಲ ಎಂದು ತಾಯಿ ಕಾರ್ಡಿನ ಜೊತೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪರೀಕ್ಷಿಸುವವರಿಗೆ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.